ವಸ್ತುವಿಗೆ ತಕ್ಕ ಹೆಸರು
ಪುರಾವಸ್ತು ಮತ್ತು ಪ್ರಾಚೀನ ಕಟ್ಟಡಗಳ ವರ್ಣನೆಯಲ್ಲಿ ಪರಿಭಾಷೆ

ಪುಣೆ ಜಿಲ್ಲೆಯ ಲೋಣಾವಳಾ ಪಟ್ಟಣದ ಸುತ್ತಲಿನ ಬೆಟ್ಟಗಳಲ್ಲಿ ಕಾರ್ಲಾ, ಭಾಜಾ ಮತ್ತು ಬೇಡ್ಸೆ ಎಂಬ ಮೂರು ಪ್ರಾಚೀನ ಬೌದ್ಧ ನೆಲೆಗಳಿವೆ. ಇವುಗಳನ್ನು ಸಾಮಾನ್ಯವಾಗಿ ‘ಗುಹೆಗಳು’ ಎಂದು ಕರೆಯುವುದು ರೂಢಿ. ಆದರೆ ಗುಹೆ ಎಂದೊಡನೆ ನಿಸರ್ಗವು ತಾನಾಗಿಯೇ ರೂಪಿಸಿದ ಪೊಳ್ಳು ನೆನಪಿಗೆ ಬರುತ್ತದೆ. ಕಾರ್ಲಾದ ಮುಖ್ಯ ಚೈತ್ಯಾಲಯವು ಅಂತಹುದಲ್ಲ. ಸುಮಾರು 38 ಮೀಟರ್ ಉದ್ದ, 14 ಮೀಟರ್ ಅಗಲ ಹಾಗೂ 37 ಕಂಬಗಳುಳ್ಳ ಈ ಸಭಾಂಗಣವನ್ನು ಮನುಷ್ಯರು ಯೋಜನೆ ಹಾಕಿ, ಉಳಿ ಸುತ್ತಿಗೆಗಳಿಂದ ಬಂಡೆಯೊಳಗೆ ಕೊರೆದು ನಿರ್ಮಿಸಿದ್ದಾರೆ.

ಇದನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲನೆಂದು ಅಲ್ಲಿಯ ಪ್ರಾಕೃತ ಶಾಸನವು ತಿಳಿಸುತ್ತದೆ. ವಿದ್ವಾಂಸರು ವೈಜಯಂತಿಯನ್ನು ಉತ್ತರ ಕನ್ನಡ ಜಿಲ್ಲೆಯ ಬನವಾಸಿಯೆಂದು ಗುರುತಿಸಿದ್ದಾರೆ. ಆ ಶಾಸನವು ಕಟ್ಟಡಕ್ಕೆ ಬಳಸಿರುವ ಪದ ‘ಸೇಲಘರ’, ಅಂದರೆ ಶೈಲಗೃಹ. ಅದೇ ನೆಲೆಯ ಮತ್ತೊಂದು ಶಾಸನದಲ್ಲಿ ‘ಲೇಣ’ ಎಂಬ ಪದವಿದೆ. ಇಂದಿನ ಮರಾಠಿಯ ‘ಲೇಣಿ’ ಇದರಿಂದಲೇ ಬಂದುದು. ಕಟ್ಟಿಸಿದವರು ತಮ್ಮ ಕೃತಿಯನ್ನು ಮನೆಯೆಂದು ಕರೆದರು. ಅದನ್ನು ಬರಿಯ ಗುಹೆಯೆಂದು ದಾಖಲಿಸಿದರೆ ಮನುಷ್ಯರ ಶ್ರಮವು ದಾಖಲೆಯಿಂದ ಮರೆಯಾಗುತ್ತದೆ. ‘ಬಂಡೆಯಲ್ಲಿ ಕೊರೆದ ಚೈತ್ಯಾಲಯ’ ಎಂಬುದು ನಿಖರವಾದ ವರ್ಣನೆ.

ಒಂದು ಭಾಗಕ್ಕೆ ಒಂದು ಹೆಸರು

‘ಕೆತ್ತನೆಯ ಕಂಬಗಳಿವೆ’ ಎಂಬ ವಾಕ್ಯವು ಸಾವಿರಾರು ಕಟ್ಟಡಗಳಿಗೆ ಅನ್ವಯಿಸುತ್ತದೆ. ಆದ್ದರಿಂದ ಅದು ಯಾವ ಕಟ್ಟಡವನ್ನೂ ಗುರುತಿಸುವುದಿಲ್ಲ. ಕಾರ್ಲಾದ ಸಾಲುಕಂಬಗಳನ್ನು ಕೆಳಗಿನಿಂದ ಮೇಲಕ್ಕೆ ಹೀಗೆ ವರ್ಣಿಸಬಹುದು: ಮೆಟ್ಟಿಲು ಮೆಟ್ಟಿಲಾದ ಪೀಠ; ಅದರ ಮೇಲೆ ಕುಂಭ; ಎಂಟು ಮುಖಗಳ ಕಾಂಡ; ಗಂಟೆಯಾಕಾರದ ಸ್ತಂಭಶೀರ್ಷ; ಅದರ ಮೇಲೆ ಮಂಡಿಯೂರಿದ ಆನೆಗಳು ಮತ್ತು ಅವುಗಳನ್ನೇರಿದ ಸ್ತ್ರೀಪುರುಷರು. ಸ್ತೂಪದ ಹಿಂಬದಿಯ 7 ಕಂಬಗಳಲ್ಲಿ ಪೀಠವೂ ಶೀರ್ಷವೂ ಇಲ್ಲವೆಂಬುದನ್ನು ಪ್ರತ್ಯೇಕವಾಗಿ ಬರೆಯಬೇಕು.

ಸ್ತಂಭಶೀರ್ಷ ಮತ್ತು ಬೋದಿಗೆ ಎಂಬ ಪದಗಳನ್ನು ಒಂದರ ಬದಲು ಇನ್ನೊಂದು ಬಳಸುವುದುಂಟು. ಶೀರ್ಷವು ಕಂಬದ ತಲೆಭಾಗ. ತೊಲೆಯನ್ನು ಹೊರಲು ಅದರ ಮೇಲೆ ಇರಿಸುವ ಚಾಚುಗಲ್ಲು ಬೋದಿಗೆ. ಕಟ್ಟಡದ ಬೇರೆ ಬೇರೆ ಭಾಗಗಳಿಗೆ ಒಂದೇ ಹೆಸರು ಬಂದಾಗ ಗೊಂದಲವುಂಟಾಗುತ್ತದೆ. ಒಂದೇ ಆಕೃತಿಗೆ ಹಲವು ಹೆಸರುಗಳಿದ್ದರೂ ಅಷ್ಟೇ. ಕಾರ್ಲಾದ ಮುಂಭಾಗದಲ್ಲಿ ಬೆಳಕು ಒಳಬರಲೆಂದು ಬಿಟ್ಟಿರುವ ಕುದುರೆಲಾಳದಾಕಾರದ ದೊಡ್ಡ ಕಮಾನು, ಮುಂದೆ ದೇವಾಲಯಗಳ ಶಿಖರ ಹಾಗೂ ಕಪೋತಗಳ ಮೇಲೆ ಚಿಕ್ಕ ಅಲಂಕಾರವಾಗಿ ಕಾಣಿಸಿಕೊಂಡಿತು. ಇದನ್ನು ಚೈತ್ಯಗವಾಕ್ಷ, ಕೂಡು, ನಾಸಿ ಎಂದು ನಾನಾ ಬಗೆಯಾಗಿ ಕರೆಯಲಾಗಿದೆ. ದಾಖಲೆಯಲ್ಲಿ ಒಂದು ಪದವನ್ನು ಮುಖ್ಯವಾಗಿರಿಸಿಕೊಂಡು, ಉಳಿದವುಗಳನ್ನು ಪರ್ಯಾಯ ಪದಗಳಾಗಿ ಸೂಚಿಸುವುದು ಉಚಿತ.

ಸ್ಥಳೀಯ ಹೆಸರುಗಳನ್ನು ಕೈಬಿಡಲಾಗದು. ಕನ್ನಡದ ‘ವೀರಗಲ್ಲು’ ಮಹಾರಾಷ್ಟ್ರದಲ್ಲಿ ‘ವೀರಗಳ’ ಎಂಬ ರೂಪದಲ್ಲಿ ಬಳಕೆಯಲ್ಲಿದೆ. ಇವೆರಡೂ ಒಂದೇ ಬಗೆಯ ಸ್ಮಾರಕಶಿಲೆ ಎಂದು ದಾಖಲೆಯು ತಿಳಿಸಿದರೆ ಮಾತ್ರ ಎರಡು ರಾಜ್ಯಗಳ ಪಟ್ಟಿಗಳನ್ನು ಹೋಲಿಸಿ ನೋಡುವುದು ಸಾಧ್ಯವಾಗುತ್ತದೆ.

ವರ್ಣನೆಯ ಕ್ರಮ

ವಸ್ತುವಿನ ಹೆಸರು, ದ್ರವ್ಯ, ಅಳತೆ, ಇರುವ ಸ್ಥಳ, ಬರಹ ಅಥವಾ ಗುರುತು, ಈಗಿನ ಸ್ಥಿತಿ, ಕಾಲ – ಈ ಕ್ರಮವನ್ನು ಅನುಸರಿಸುವುದು ಅನುಕೂಲಕರ. ಇದರಲ್ಲಿ ಮೂರು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು, ದಿಕ್ಕು. ‘ಬಲಗೈ ಮುರಿದಿದೆ’ ಎಂದರೆ ಅದು ಮೂರ್ತಿಯ ಬಲವೋ ನೋಡುವವರ ಬಲವೋ ಎಂಬುದು ಸ್ಪಷ್ಟವಾಗಬೇಕು. ಮೂರ್ತಿಗೆ ಮೂರ್ತಿಯ ಎಡಬಲಗಳನ್ನೇ ಹೇಳುವುದು ಕ್ರಮ. ಕಟ್ಟಡವಾದರೆ ‘ಚೈತ್ಯಾಲಯದ ಎದುರು ನಿಂತವರ ಎಡಕ್ಕೆ ಸಿಂಹಸ್ತಂಭವಿದೆ’ ಎಂದು ಬಿಡಿಸಿ ಬರೆಯಬೇಕು.

ಎರಡನೆಯದು, ದ್ರವ್ಯ. ಕಾರ್ಲಾದ ಕಮಾನು ಚಾವಣಿಯ ಅಡಿಯಲ್ಲಿ ಪಕ್ಕೆಲುಬುಗಳಂತೆ ಕಾಣುವ ಪಟ್ಟಿಗಳು ಕಲ್ಲಿನವಲ್ಲ, ಮರದವು. ಸ್ತೂಪದ ಮೇಲಿನ ಛತ್ರಿಯೂ ಮರದ್ದೇ. ‘ಶಿಲಾಲಂಕಾರ’ ಎಂದು ಒಟ್ಟಾಗಿ ಬರೆದುಬಿಟ್ಟರೆ, ಸುಮಾರು ಎರಡು ಸಾವಿರ ವರ್ಷ ಹಳೆಯ ಮರಕ್ಕೆ ಬೇಕಾದ ಆರೈಕೆಯು ಯಾರ ಗಮನಕ್ಕೂ ಬಾರದೆ ಹೋಗಬಹುದು.

ಮೂರನೆಯದು, ಕಂಡದ್ದು ಮತ್ತು ಊಹಿಸಿದ್ದರ ನಡುವಣ ಅಂತರ. ‘ಪದ್ಮಾಸನದಲ್ಲಿ ಕುಳಿತ ಮೂರ್ತಿ, ಎರಡೂ ಕೈಗಳು ಮಡಿಲಲ್ಲಿವೆ’ ಎಂಬುದು ವರ್ಣನೆ. ಅದು ಬುದ್ಧನೋ ಜಿನನೋ ಎಂಬುದು ನಿರ್ಣಯ. ವರ್ಣನೆ ಮೊದಲು, ನಿರ್ಣಯ ಆನಂತರ. ಕಾಲದ ವಿಷಯದಲ್ಲೂ ಇದೇ ಎಚ್ಚರ ಅಗತ್ಯ. ಕಾರ್ಲಾದ ಮುಂಗೋಡೆಯಲ್ಲಿ ಮೂಲ ರಚನೆಗೆ ಸೇರಿದ ಮಿಥುನ ಶಿಲ್ಪಗಳ ಜೊತೆಗೆ, ಕೆಲವು ಶತಮಾನಗಳ ಅನಂತರ ಕೆತ್ತಿದ ಬುದ್ಧಮೂರ್ತಿಗಳೂ ಇವೆ. ಗೋಡೆ ಒಂದಾದರೂ ಕಾಲ ಒಂದಲ್ಲ.

ದಾಖಲೆಯೇ ರಕ್ಷೆ

1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮವು ಗೊತ್ತುಪಡಿಸಿದ ವರ್ಗಗಳ ಪುರಾವಸ್ತುಗಳ ನೋಂದಣಿಯನ್ನು ಕಡ್ಡಾಯಗೊಳಿಸಿತು. 2007ರಲ್ಲಿ ಆರಂಭವಾದ ಸ್ಮಾರಕ ಮತ್ತು ಪುರಾವಸ್ತುಗಳ ರಾಷ್ಟ್ರೀಯ ಅಭಿಯಾನವು ದೇಶದಾದ್ಯಂತ ಏಕರೂಪದ ನಮೂನೆಯಲ್ಲಿ ದಾಖಲಿಸುವ ಕಾರ್ಯವನ್ನು ಕೈಗೊಂಡಿತು. ಕಳವಾದ ಕಲಾವಸ್ತುಗಳನ್ನು ಗುರುತಿಸಲೆಂದು 1997ರಲ್ಲಿ ‘ಆಬ್ಜೆಕ್ಟ್ ಐಡಿ’ ಎಂಬ ಅಂತರರಾಷ್ಟ್ರೀಯ ಮಾನದಂಡವೂ ರೂಪುಗೊಂಡಿತು. ಕಳವಾದ ವಿಗ್ರಹವು ದೂರದ ಮಾರುಕಟ್ಟೆಯಲ್ಲಿ ಪತ್ತೆಯಾದಾಗ ‘ಹಳೆಯ ಸುಂದರ ಮೂರ್ತಿ’ ಎಂಬ ಬರಹದಿಂದ ಪ್ರಯೋಜನವಿಲ್ಲ. ಛಾಯಾಚಿತ್ರದೊಡನೆ ಅದರ ಎತ್ತರ, ಲೋಹ, ಪೀಠದ ಮೇಲಿನ ಅಕ್ಷರ, ಕಿರುಬೆರಳಿನ ಮುರಿತ ಇವೆಲ್ಲ ಬರೆದಿದ್ದರೆ, ಅದು ತಮ್ಮದೆಂದು ಊರಿನವರು ಸಾಧಿಸಬಹುದು. ಸೌಂದರ್ಯವನ್ನು ಹೊಗಳುವ ಪದಗಳಿಗಿಂತ ಕುಂದನ್ನು ಗುರುತಿಸುವ ಪದಗಳೇ ಇಲ್ಲಿ ನೆರವಿಗೆ ಬರುತ್ತವೆ.

ಹೊಲದಲ್ಲಾಗಲಿ ಕೆರೆಯ ಏರಿಯಲ್ಲಾಗಲಿ ಕೆತ್ತನೆಯ ಕಲ್ಲು ಕಂಡುಬಂದರೆ ಅದನ್ನು ಸ್ಥಳದಿಂದ ಕದಲಿಸಬಾರದು; ಅಕ್ಷರಗಳ ಮೇಲೆ ಸುಣ್ಣವಾಗಲಿ ಬಣ್ಣವಾಗಲಿ ಬಳಿಯಬಾರದು. ಇರುವ ಜಾಗ, ಅಳತೆ ಮತ್ತು ಕಣ್ಣಿಗೆ ಕಂಡ ವಿವರಗಳನ್ನು ಬರೆದುಕೊಂಡು ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಬೇಕು. ಶಾಸ್ತ್ರೀಯ ಪದ ಗೊತ್ತಿಲ್ಲದಿದ್ದರೆ ಊರಿನ ಮಾತಿನಲ್ಲೇ ಬರೆದರೂ ಸಾಕು. ಸರಿಯಾಗಿ ನೋಡಿ ಬರೆದ ವಿವರವಿದ್ದರೆ, ತಕ್ಕ ಹೆಸರನ್ನು ಮುಂದೆಯೂ ಸೇರಿಸಬಹುದು.