ಮೊಲದ ಬೆಲೆಯನ್ನು ಕಟ್ಟುವವರು ಯಾರು?



ಮೊಲ ಸಾಕಿ ಲಾಭ ಮಾಡಿಕೊಳ್ಳಿರೆಂದು ಹೇಳುವವರು ನಿಮ್ಮ ಊರಿಗೂ ಬಂದಿರಬಹುದು. ಬಾರದಿದ್ದರೆ ನಾಳೆ ಬಂದಾರು. ಅವರ ಮಾತಿನಲ್ಲಿ ಎರಡು ಸಂಗತಿಗಳು ತಪ್ಪದೆ ಇರುತ್ತವೆ. ಮೊಲವು ಬಹು ಬೇಗ ಹೆಚ್ಚುತ್ತದೆ ಎಂಬುದು ಒಂದು. ಹೊರದೇಶಗಳಲ್ಲಿ ಅದಕ್ಕೆ ಭಾರಿ ಬೆಲೆಯಿದೆ ಎಂಬುದು ಇನ್ನೊಂದು. ಎರಡರಲ್ಲಿಯೂ ನಿಜಾಂಶವಿದೆ. ಆದರೆ ಎರಡನ್ನೂ ಕೂಡಿಸಿ ಗುಣಿಸಿದಾಗ ಬರುವ ಮೊತ್ತವನ್ನು ನಂಬಿ ಸಾಲ ಮಾಡಿದವರು ಕೆಟ್ಟಿದ್ದಾರೆ. ಆದುದರಿಂದ ಜೀವಂತ ಮೊಲಗಳು ದೇಶದಿಂದ ದೇಶಕ್ಕೆ ಹೇಗೆ ಮಾರಾಟವಾಗುತ್ತವೆ, ಅವುಗಳ ಬೆಲೆ ಹೇಗೆ ಏರ್ಪಡುತ್ತದೆ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಮೊದಲು ಹೆಸರಿನ ವಿಷಯ. ನಾವು ಎರಡು ಬೇರೆ ಬೇರೆ ಪ್ರಾಣಿಗಳನ್ನು 'ಮೊಲ' ಎಂಬ ಒಂದೇ ಮಾತಿನಿಂದ ಕರೆಯುತ್ತೇವೆ. ನಮ್ಮ ಹೊಲದ ಬದುವಿನಲ್ಲಿ ಎದ್ದು ಓಡುವುದು ಕಾಡುಮೊಲ. ಅದರ ಮರಿಗೆ ಹುಟ್ಟುವಾಗಲೇ ಮೈತುಂಬ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ಗೂಡಿನಲ್ಲಿ ಸಾಕುವ ಮೊಲವು ಯುರೋಪಿನ ಬಿಲದ ಮೊಲದ ಸಂತತಿ. ಅದರ ಮರಿ ಹುಟ್ಟುವಾಗ ಬೆತ್ತಲೆ ಮತ್ತು ಕುರುಡು. ಇವೆರಡೂ ಕೂಡಿ ಮರಿಯಾಗುವುದಿಲ್ಲ. ಕಾಡುಮೊಲವನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೆಂಬುದನ್ನು ಮರೆಯಬಾರದು.

ಅಂತರರಾಷ್ಟ್ರೀಯ ಸುಂಕದ ಪಟ್ಟಿಯಲ್ಲಿ 2012ರಿಂದ ಜೀವಂತ ಸಾಕುಮೊಲ, ಕಾಡುಮೊಲ ಎರಡಕ್ಕೂ ಸೇರಿಸಿ 0106.14 ಎಂಬ ಒಂದೇ ಸಂಖ್ಯೆಯಿದೆ. ಮಾಂಸಕ್ಕೆ ಹೋಗುವ ಮೊಲ, ತಳಿಗೆ ಕೊಳ್ಳುವ ಮೊಲ, ಪ್ರಯೋಗಶಾಲೆಯ ಮೊಲ, ಮಕ್ಕಳು ಮುದ್ದಿಗೆ ಸಾಕುವ ಮೊಲ, ಎಲ್ಲವೂ ಅದರಡಿಯಲ್ಲಿಯೇ ಬರುತ್ತವೆ. ಹೀಗಿರುವಾಗ "ಲೋಕದ ಮಾರುಕಟ್ಟೆಯಲ್ಲಿ ಒಂದು ಮೊಲಕ್ಕೆ ಇಷ್ಟು ಡಾಲರು" ಎಂದು ಯಾರಾದರೂ ಸರಾಸರಿ ಹೇಳಿದರೆ, ಜಾತ್ರೆಯಲ್ಲಿ ಮಾರಿದ ಹಳ್ಳಿಕಾರ್ ಜೋಡಿಯನ್ನೂ ಆಡಿನ ಮರಿಯನ್ನೂ ಕೂಡಿಸಿ ಭಾಗಿಸಿದಂತೆಯೇ ಸರಿ. ಆ ಬೆಲೆಗೆ ಆಡೂ ಸಿಕ್ಕದು, ಎತ್ತೂ ಸಿಕ್ಕದು.

ಮಾಂಸದ ಮೊಲ ಜೀವಂತವಾಗಿ ಬಹು ದೂರ ಹೋಗುವುದಿಲ್ಲ. ದಾರಿಯಲ್ಲಿ ಅದಕ್ಕೆ ಗೂಡು, ಮೇವು, ನೀರು ಬೇಕು. ಬಿಸಿಲು ತಾಗಿದರೆ ಸಾಯುತ್ತದೆ, ಸಾಯದಿದ್ದರೂ ತೂಕ ಕಳೆದುಕೊಳ್ಳುತ್ತದೆ. ಹೀಗಾಗಿ ದೂರದೇಶಕ್ಕೆ ಮಾಂಸವನ್ನು ತಣ್ಣಗಿಟ್ಟು ಕಳುಹಿಸುತ್ತಾರೆ. ಜೀವದೊಡನೆ ದೂರ ಹೋಗುವ ಮೊಲಕ್ಕೆ ಮಾಂಸವಲ್ಲದ ಬೇರೊಂದು ಬೆಲೆ ಇರಲೇಬೇಕು. ಹಂಗೆರಿಯ ಕಾಡುಮೊಲವನ್ನು ನೋಡಿ. ಚಳಿಗಾಲದಲ್ಲಿ ಬಯಲಿನಲ್ಲಿ ಬಲೆ ಕಟ್ಟಿ, ಜನರು ಸಾಲಾಗಿ ನಡೆದು ಮೊಲಗಳನ್ನು ಬಲೆಗೆ ಅಟ್ಟಿ ಜೀವಂತ ಹಿಡಿಯುತ್ತಿದ್ದರು. ಅವು ಫ್ರಾನ್ಸಿಗೂ ಇಟಲಿಗೂ ಹೋಗಿ, ಮೊಲ ಕಡಿಮೆಯಾದ ಬೇಟೆಯ ಬಯಲುಗಳಲ್ಲಿ ಬಿಡಲ್ಪಡುತ್ತಿದ್ದವು. ಗುಂಡೇಟಿಗೆ ಸತ್ತ ಮೊಲಕ್ಕಿಂತ ಇಂಥ ಜೀವಂತ ಮೊಲಕ್ಕೆ ಬೆಲೆ ಹೆಚ್ಚು. ಕಾಡುಮೊಲ ಗೂಡಿನಲ್ಲಿ ಸುಲಭವಾಗಿ ವೃದ್ಧಿಯಾಗದು, ಕೊಳ್ಳುವ ಬೇಟೆ ಸಂಘದವನು ಕೈಯಲ್ಲಿ ಹಣ ಹಿಡಿದು ನಿಂತಿದ್ದಾನೆ; ಅದರಿಂದ ಆ ಬೆಲೆ ನಿಂತಿತು.

ಗಿರಾಕಿಯಿಲ್ಲದೆ ಏರಿದ ಬೆಲೆಯ ಕಥೆ ಬೇರೆ. ಅದು ನಡೆದದ್ದು ಅಮೆರಿಕದಲ್ಲಿ, ಸುಮಾರು 1898ರಿಂದ 1901ರವರೆಗೆ. 'ಬೆಲ್ಜಿಯನ್ ಹೇರ್' ಎಂಬ ತಳಿ. ಹೆಸರು ಕಾಡುಮೊಲದ್ದು, ಪ್ರಾಣಿ ಸಾಕುಮೊಲವೇ. ಇಂಗ್ಲೆಂಡಿನವರು ಅದನ್ನು ಕಾಡುಮೊಲದಂತೆ ಉದ್ದ ಕಾಲು, ಕೆಂಪು ಬಣ್ಣ ಬರುವಂತೆ ತಿದ್ದಿ ಬೆಳೆಸಿದ್ದರು. ಇಂಗ್ಲೆಂಡಿನಿಂದ ಹಡಗಿನಲ್ಲಿ ಸಾವಿರಾರು ಮೊಲಗಳು ಅಮೆರಿಕಕ್ಕೆ ಬಂದವು. ಲಾಸ್ ಏಂಜಲೀಸ್ ಊರೊಂದರಲ್ಲಿಯೇ ನೂರಾರು ಮನೆಗಳ ಹಿತ್ತಲಲ್ಲಿ ಮೊಲದ ಗೂಡುಗಳು ಎದ್ದವು. ಒಳ್ಳೆಯ ತಳಿಯ ಒಂದೊಂದು ಮೊಲಕ್ಕೆ ನೂರಾರು ಡಾಲರು ಕೊಟ್ಟವರಿದ್ದರು. ಆಗ ಕಾರ್ಖಾನೆಯ ಸಾಮಾನ್ಯ ಕೆಲಸಗಾರನ ಒಂದು ವರ್ಷದ ಸಂಬಳ ನಾನೂರು ಐನೂರು ಡಾಲರು!

ಆ ಮೊಲಗಳನ್ನು ಕೊಂಡವರು ಯಾರು? ಅಡುಗೆಗೆ ಕೊಂಡವರು ಕೆಲವರೇ. ಮಿಕ್ಕವರೆಲ್ಲ ಮರಿ ಮಾಡಿ ಇನ್ನೊಬ್ಬರಿಗೆ ಮಾರುವವರು. ಆ ಇನ್ನೊಬ್ಬನೂ ಮರಿ ಮಾಡಿ ಮಾರುವವನೇ. ಹೊಸಬರು ಬರುತ್ತಿರುವವರೆಗೆ ಬೆಲೆ ಏರಿತು. ಹೊಸಬರು ನಿಂತ ದಿನ ಎಲ್ಲರ ಗೂಡೂ ತುಂಬಿತ್ತು, ಕೊಳ್ಳುವವನು ಕಟುಕನೊಬ್ಬನೇ ಉಳಿದ. ಅವನು ಕೊಡುವುದು ತೂಕಕ್ಕೆ ತಕ್ಕ ದುಡ್ಡು. ತೆಳ್ಳನೆಯ ಮೈಯ ಈ ತಳಿಯಲ್ಲಿ ಮಾಂಸವೂ ಹೆಚ್ಚಿಲ್ಲ. ನಾಲ್ಕೈದು ವರ್ಷ ಕಳೆಯುವುದರೊಳಗೆ ವ್ಯಾಪಾರ ಮುರಿದುಬಿತ್ತು.

ಇದು ಯಾಕೆ ಮುರಿಯಲೇಬೇಕೆಂಬುದನ್ನು ಸ್ಲೇಟಿನ ಮೇಲೆ ಬರೆದು ನೋಡಬಹುದು. ಹೆಣ್ಣುಮೊಲ ಗಬ್ಬವಾದ 31 ದಿನಕ್ಕೆ ಮರಿ ಹಾಕುತ್ತದೆ. ವರ್ಷಕ್ಕೆ ಐದು ಸೂಲು, ಸೂಲಿಗೆ ಉಳಿಯುವುದು ಆರು ಮರಿ, ಒಟ್ಟು 30 ಎನ್ನೋಣ. ನಿಮ್ಮ ತಾಲ್ಲೂಕಿನಲ್ಲಿ ನೂರು ಮನೆಯವರು ಹತ್ತು ಹತ್ತು ಹೆಣ್ಣುಮೊಲ ಸಾಕಿದರೆ ವರ್ಷಕ್ಕೆ 30,000 ಮರಿ. ಅದರಲ್ಲಿ ಅರ್ಧ ಹೆಣ್ಣು. ಅವನ್ನೆಲ್ಲ ತಳಿಗೆಂದೇ ಮಾರಬೇಕಾದರೆ 1,500 ಹೊಸ ಮನೆಗಳು ಬೇಕು. ಮರುವರ್ಷ 24,000 ಮನೆಗಳು ಬೇಕು. ಮೂರನೆಯ ವರ್ಷದ ಲೆಕ್ಕವನ್ನು ಶಾಲೆಗೆ ಹೋಗುವ ಮಗನಿಂದ ಮಾಡಿಸಿರಿ. ನಮ್ಮ ನೆರೆಯಲ್ಲಿಯೇ, ತಮಿಳುನಾಡಿನ ಈರೋಡ್ ಜಿಲ್ಲೆಯ ಪೆರುಂದುರೈ ಕಡೆ, 2012ರಲ್ಲಿ ಎಮು ಹಕ್ಕಿಯ ಯೋಜನೆಗಳು ಕುಸಿದದ್ದನ್ನು ಅನೇಕರು ಬಲ್ಲರು. ಅಲ್ಲಿಯೂ ಮರಿ ಕೊಟ್ಟು, ಮರಳಿ ಕೊಳ್ಳುವ ಮಾತು ಕೊಟ್ಟಿದ್ದರು.

ಹಾಗಾದರೆ ನಿಮ್ಮ ಮೊಲದ ನಿಜವಾದ ಬೆಲೆ ಎಷ್ಟು? ತಿನ್ನುವವನ ಕಡೆಯಿಂದ ಎಣಿಸಿರಿ. ಚೆನ್ನಾಗಿ ಸಾಕಿದ ಮಾಂಸದ ತಳಿ ಮೂರು ತಿಂಗಳಿಗೆ ಸುಮಾರು 2 ಕಿಲೋ ತೂಗುತ್ತದೆ. ಸುಲಿದು ತೆಗೆದರೆ ಸುಮಾರು ಅರ್ಧ, ಎಂದರೆ 1 ಕಿಲೋ ಮಾಂಸ. ಅಂಗಡಿಯಲ್ಲಿ ಅದು 400 ರೂಪಾಯಿಗೆ ಹೋಗಿ, ಅಂಗಡಿಯವನು 100 ಇಟ್ಟುಕೊಂಡರೆ ನಿಮ್ಮ ಕೈಗೆ 300. ಒಂದು ಕಿಲೋ ತೂಕ ಏರಲು ಮೂರರಿಂದ ನಾಲ್ಕು ಕಿಲೋ ಒಣ ಆಹಾರ ಬೇಕು. 2 ಕಿಲೋ ಮೊಲಕ್ಕೆ 7 ಕಿಲೋ. ಎಲ್ಲವನ್ನೂ ಕಿಲೋಗೆ 30ರಂತೆ ಕೊಂಡು ಹಾಕಿದರೆ 210 ಹೋಯಿತು, ಉಳಿದದ್ದು 90. ಕುದುರೆ ಮಸಾಲೆ ಸೊಪ್ಪು, ಗರಿಕೆ ಹೊಲದಿಂದಲೇ ತಂದರೆ ಇನ್ನಷ್ಟು ಉಳಿದೀತು. ತಾಯಿಯ ಮೇವು, ಸತ್ತ ಮರಿಗಳ ನಷ್ಟ ಅದರಲ್ಲಿಯೇ ಕಳೆಯಬೇಕು. ಈ ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಪೇಟೆಯ ದರವನ್ನು ಹಾಕಿಕೊಳ್ಳಿರಿ. ಈಗ ಒಬ್ಬನು ಒಂದು ತಳಿಮೊಲಕ್ಕೆ 3,000 ಕೇಳಿದನೆನ್ನಿ. ಅದನ್ನು ತೀರಿಸಲು ಮೂವತ್ತಕ್ಕಿಂತ ಹೆಚ್ಚು ಮರಿ ಮಾರಬೇಕು. ಆ ತಾಯಿ ವರ್ಷವಿಡೀ ಕೊಟ್ಟದ್ದೆಲ್ಲ ಅದಕ್ಕೇ ಸಂದಾಯ. ಗೂಡಿನ ಖರ್ಚು, ಬ್ಯಾಂಕಿನ ಬಡ್ಡಿ ಹಾಗೆಯೇ ನಿಂತಿರುತ್ತವೆ.

"ಇದು ಸೀದಾ ಹೊರದೇಶದಿಂದ ತಂದ ತಳಿ" ಎಂಬ ಮಾತಿಗೂ ಬೆರಗಾಗಬೇಡಿ. ಹೊರಗಿನಿಂದ ಜೀವಂತ ಪ್ರಾಣಿ ತರಲು ಕೇಂದ್ರ ಸರ್ಕಾರದ ಪರವಾನಗಿ ಬೇಕು, ಬಂದ ಮೇಲೆ ಪ್ರತ್ಯೇಕವಾಗಿಟ್ಟು ಪರೀಕ್ಷಿಸಬೇಕು. ಆ ಕಾಗದದ ನಕಲನ್ನು ಕೇಳಿರಿ. ಈ ಕಟ್ಟಳೆ ಸುಮ್ಮನೆ ಮಾಡಿದ್ದಲ್ಲ. 1984ರಲ್ಲಿ ಚೀನಾದ ಜಿಯಾಂಗ್ಸು ಪ್ರಾಂತದಲ್ಲಿ, ಜರ್ಮನಿಯಿಂದ ತಂದ ಅಂಗೋರಾ ಮೊಲಗಳಲ್ಲಿ ರಕ್ತಸ್ರಾವದ ಹೊಸ ರೋಗವೊಂದು ಮೊದಲು ಕಾಣಿಸಿತು. ಬಲಿತ ಮೊಲಗಳೇ ಎರಡು ಮೂರು ದಿನದಲ್ಲಿ ಸಾಯುತ್ತಿದ್ದವು. ವರ್ಷದೊಳಗೆ ಬಹು ದೊಡ್ಡ ಸಂಖ್ಯೆಯಲ್ಲಿ ಮೊಲಗಳು ಸತ್ತವು.

ಇಷ್ಟು ತಿಳಿದೂ ಮೊಲ ಸಾಕಬೇಕೆಂಬ ಮನಸ್ಸಿದ್ದರೆ ಸಾಕಿರಿ. ಮನೆಯ ಹೆಂಗಸರೂ ಮುದುಕರೂ ನೋಡಿಕೊಳ್ಳಬಹುದಾದ ಕೆಲಸವದು. ಆದರೆ ಗೂಡು ಕಟ್ಟುವ ಮೊದಲು ಪೇಟೆಯ ಎರಡು ಮೂರು ಮಾಂಸದ ಅಂಗಡಿಗಳಲ್ಲಿ ವಿಚಾರಿಸಿ, ವಾರಕ್ಕೆ ಎಷ್ಟು ಮೊಲ, ಯಾವ ದರಕ್ಕೆ ಕೊಳ್ಳುವರೆಂದು ಬರೆದುಕೊಳ್ಳಿರಿ. ಮರಳಿ ಕೊಳ್ಳುತ್ತೇನೆಂಬ ಕಂಪನಿಯವನನ್ನು, ಕೊಂಡದ್ದನ್ನು ಅವನು ಯಾರಿಗೆ ಮಾರುತ್ತಾನೆಂದು ಕೇಳಿರಿ. "ಹೊಸ ರೈತರಿಗೆ" ಎಂದರೆ ಮುಂಗಡ ಕೊಡಬೇಡಿ. ಕೊಡೈಕೆನಾಲ್ ಬಳಿಯ ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ವೈಟ್ ಜೈಂಟ್, ಸೋವಿಯತ್ ಚಿಂಚಿಲ್ಲಾ ಮೊದಲಾದ ಮಾಂಸದ ತಳಿಗಳ ಮೇಲೆ ಅಲ್ಲಿ ಕೆಲಸ ನಡೆದಿದೆ. ಅಲ್ಲಿಯ ದರವನ್ನೂ ತಿಳಿದು, ಎರಡು ಹೆಣ್ಣು ಒಂದು ಗಂಡಿನಿಂದ ಆರಂಭಿಸಿ, ಆರು ತಿಂಗಳ ಮೇವಿನ ಲೆಕ್ಕವನ್ನು ದಿನದಿನವೂ ಬರೆದಿಡಿರಿ. ಆ ಪುಸ್ತಕ ನೋಡಿದ ಮೇಲೆ ಗೂಡು ಹೆಚ್ಚಿಸುವ ಮಾತು.