ಪ್ರೊಬೇಷನ್ನಿನಲ್ಲಿ ಮದುವೆ

ಗೋವಾದ ಮ್ಹಾಪಸಾದಲ್ಲಿ ಕೆಲಸಕ್ಕೆ ಸೇರಿ ಇನ್ನೂ ಪ್ರೊಬೇಷನ್ನಿನಲ್ಲಿದ್ದೀರಿ, ಊರಲ್ಲಿ ಮುಹೂರ್ತ ನೋಡುತ್ತಿದ್ದಾರೆ. ಧಾರಾಳವಾಗಿ ಆಗಿ. ಮದುವೆಯಾದ ಹೆಣ್ಣುಮಗಳ ನೌಕರಿ ಕಳೆಯುವ ಕಂಪನಿಯೊಂದರ ನಿಯಮವನ್ನು ಸುಪ್ರೀಂ ಕೋರ್ಟ್ 1965ರಲ್ಲೇ ತಳ್ಳಿಹಾಕಿದೆ. ತೊಡಕಿರುವುದು ರಜೆಯಲ್ಲಿ. ಕಾಯಂ ಆಗುವವರೆಗೆ ಗಳಿಕೆ ರಜೆ ಕೊಡದ ಕಡೆಗಳುಂಟು. ಸಂಬಳವಿಲ್ಲದ ರಜೆ ಹಾಕಿದರೆ ಪ್ರೊಬೇಷನ್ನೇ ಮುಂದಕ್ಕೆ ಹೋಗಬಹುದು. ನೇಮಕಾತಿ ಪತ್ರ ಓದಿ, ರಜೆಯ ಒಪ್ಪಿಗೆ ಬರಹದಲ್ಲೇ ಪಡೆಯಿರಿ. ‘ಹೋಗಿ ಬಾರಪ್ಪ’ ಎಂದ ಸಾಹೇಬರಿಗೆ ನಾಳೆ ವರ್ಗವಾದೀತು.

ಹುಡುಗನೋ ಹುಡುಗಿಯೋ ಗೋವಾದವರಾದರೆ ಲೆಕ್ಕ ಬೇರೆ. ಇಲ್ಲಿ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನ ಬೇರಿರುವ ಕುಟುಂಬ ಕಾನೂನು ಇನ್ನೂ ನಡೆಯುತ್ತದೆ. ಬಾರ್ದೇಸ್ ತಾಲೂಕಿನ ಸಿವಿಲ್ ರಿಜಿಸ್ಟ್ರಾರ್ ಕಚೇರಿ ಮ್ಹಾಪಸಾದಲ್ಲೇ ಇದೆ. ಇಬ್ಬರೂ ಅಲ್ಲಿ ಹೋಗಿ ಮದುವೆಯ ಇಚ್ಛೆ ತಿಳಿಸಿ ಸಹಿ ಹಾಕಬೇಕು. ನೋಟಿಸಿನ ಅವಧಿ ಕಳೆದ ಮೇಲೆ ಸಾಕ್ಷಿಗಳ ಜೊತೆ ಎರಡನೇ ಸಹಿ. ಅಂದರೆ ಎರಡು ಸಲ ಕೆಲಸ ಬಿಟ್ಟು ಬರಬೇಕು. ಶುಕ್ರವಾರ ಬೇಡ, ಸಂತೆಯ ಗದ್ದಲದಲ್ಲಿ ಗಾಡಿ ನಿಲ್ಲಿಸಲೂ ಜಾಗ ಸಿಗದು.

ಇನ್ನೊಂದು ಮಾತು. ಮೊದಲೇ ಕರಾರುಪತ್ರ ಮಾಡಿಕೊಳ್ಳದಿದ್ದರೆ ಈ ಕಾನೂನಿನಲ್ಲಿ ಗಂಡ ಹೆಂಡಿರ ಆಸ್ತಿ ಒಂದಾಗಿ ಇಬ್ಬರಿಗೂ ಸಮಪಾಲು. ಮದುವೆಯಾದ ಮೇಲೆ ಅದನ್ನು ಬದಲಿಸಲಾಗದು. ನೌಕರಿಯೇ ಗಟ್ಟಿಯಾಗದ ದಿನಗಳಲ್ಲಿ ಆಸ್ತಿಯ ಮಾತೆತ್ತಲು ಸಂಕೋಚ, ನಿಜ. ಮೊದಲ ಸಹಿಗೆ ಮುಂಚೆಯೇ ಎತ್ತಿ.