ಮೊದಲ ಮೌಂಟನ್ ಬೈಕ್ ಆರಿಸಲು ಹತ್ತು ಸೂತ್ರಗಳು

ಸೈಕಲ್ ಅಂಗಡಿಗೆ ಕಾಲಿಟ್ಟ ಕೂಡಲೇ ಕಣ್ಣು ಹೋಗುವುದು ದಪ್ಪ ಟೈರು, ಮಿರುಗುವ ಬಣ್ಣ, ಹಿಂದೆ ಮುಂದೆ ಎರಡೂ ಕಡೆ ಶಾಕ್ಸ್ ಇರುವ ಸೈಕಲ್ ಮೇಲೆ. ಅದೇ ಬೆಲೆಗೆ ಪಕ್ಕದಲ್ಲಿ ಸಾದಾ ಕಾಣುವ ಇನ್ನೊಂದು ನಿಂತಿರುತ್ತದೆ. ಕಲ್ಲುದಾರಿಯಲ್ಲಿ ನಿಮ್ಮನ್ನು ಕಾಪಾಡುವುದು ಹೆಚ್ಚಿನ ಸಲ ಆ ಸಾದಾ ಸೈಕಲ್ಲೇ. ಹೊಸಬರು ಮೊದಲು ಗಮನಿಸಬೇಕಾದ್ದು ಮೂರು ಸಂಗತಿ: ಮೈಗೆ ಹೊಂದುವ ಅಳತೆ, ನಂಬಬಹುದಾದ ಬ್ರೇಕ್, ನೆಲ ಕಚ್ಚುವ ಟೈರು. ಇವು ಮೂರೂ ಸರಿಯಿದ್ದರೆ ಉಳಿದದ್ದನ್ನು ನಿಧಾನವಾಗಿ ಸುಧಾರಿಸಿಕೊಳ್ಳಬಹುದು.

1. ಮೊದಲು ದಾರಿ ಗೊತ್ತು ಮಾಡಿಕೊಳ್ಳಿ

ಮುಂದಿನ ಒಂದು ವರ್ಷ ನೀವು ನಿಜಕ್ಕೂ ಎಲ್ಲಿ ಓಡಿಸುತ್ತೀರಿ? ನಂದಿ ಬೆಟ್ಟದ ಏರು ಎಷ್ಟೇ ಕಡಿದಾಗಿದ್ದರೂ ಅದು ಡಾಂಬರು ರಸ್ತೆ. ಅಲ್ಲಿಗೆ ಮಾತ್ರ ಹೋಗುವವರಿಗೆ ತೆಳು ಟೈರಿನ ಹೈಬ್ರಿಡ್ ಸಾಕು. ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದ ಜೀಪ್ ದಾರಿ, ಬಯಲುಸೀಮೆಯ ಕೆರೆ ಏರಿ, ಹೊಲದಂಚಿನ ಬಂಡಿ ಜಾಡು, ಇವಕ್ಕೆಲ್ಲ 100ರಿಂದ 120 ಮಿ.ಮೀ. ಟ್ರಾವೆಲ್ (ಒತ್ತಿದಾಗ ಇಳಿಯುವ ದೂರ) ಇರುವ ಶಾಕ್ಸ್ ಧಾರಾಳ. 150 ಮಿ.ಮೀ. ದಾಟಿದ ಸೈಕಲ್‌ಗಳು ಒರಟು ಇಳಿಜಾರು, ದೊಡ್ಡ ಜಿಗಿತಗಳಿಗೆ ಮಾಡಿದಂಥವು. ಏರಿನಲ್ಲಿ ಅವುಗಳ ಭಾರ ಹೊಸಬರ ಕಾಲನ್ನು ಸೋಲಿಸಿಬಿಡುತ್ತದೆ. ತೋಟವಾದರೆ ಮಾಲೀಕರನ್ನು, ಕಾಡಾದರೆ ಅರಣ್ಯ ಇಲಾಖೆಯನ್ನು ಮೊದಲೇ ಕೇಳಿಕೊಳ್ಳಿ.

2. ಚಾರ್ಟ್ ನೋಡಿ ಸುಮ್ಮನಾಗಬೇಡಿ, ಹತ್ತಿ ನಿಂತು ನೋಡಿ

ಒಂದು ಕಂಪನಿಯ ಮೀಡಿಯಂ ಇನ್ನೊಂದು ಕಂಪನಿಯ ಲಾರ್ಜ್‌ಗೆ ಸಮ ಇರಬಹುದು. ಹಾಗಾಗಿ ಸೈಕಲ್ ಮೇಲೇ ಪರೀಕ್ಷೆ ಮಾಡಿ. ಮೇಲಿನ ಕೊಳವೆಯ ಆಚೀಚೆ ಕಾಲಿಟ್ಟು ನೆಲದ ಮೇಲೆ ನಿಂತಾಗ, ಕೊಳವೆಗೂ ತೊಡೆಸಂದಿಗೂ ನಡುವೆ ಕನಿಷ್ಠ 5 ಸೆಂ.ಮೀ. ಜಾಗ ಬೇಕು. ಇಳಿಜಾರಿನಲ್ಲಿ ತಟ್ಟನೆ ಕಾಲೂರಬೇಕಾಗಿ ಬಂದಾಗ ಅದರ ಬೆಲೆ ತಿಳಿಯುತ್ತದೆ.

ಆಮೇಲೆ ಸೀಟಿನ ಎತ್ತರ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಕ್ಕೆ ತುಳಿದಾಗ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತಾನಾಗಿಯೇ ಕೊಂಚ ಬಾಗಿರುತ್ತದೆ. ಕೊನೆಗೆ ಎರಡೂ ಪೆಡಲ್ ಮೇಲೆ ಎದ್ದು ನಿಂತು, ಮೊಣಕೈ ಅಗಲಿಸಿ ಹ್ಯಾಂಡಲ್ ಹಿಡಿಯಿರಿ. ಬೆನ್ನು ಎಳೆದಂತಾದರೆ ಫ್ರೇಮ್ ಉದ್ದ ಜಾಸ್ತಿ; ಮಂಡಿ ಹ್ಯಾಂಡಲ್‌ಗೆ ತಾಗುವಂತಿದ್ದರೆ ಕಮ್ಮಿ. ‘ಹೇಗೂ ಬೆಳೀತಾನಲ್ಲ’ ಎಂದು ಮಗನಿಗೆ ಒಂದು ಸೈಜ್ ದೊಡ್ಡದು ಕೊಡಿಸುವ ರೂಢಿ ನಮ್ಮಲ್ಲಿದೆ. ಮೌಂಟನ್ ಬೈಕ್ ವಿಷಯದಲ್ಲಿ ಅದು ಅಪಾಯ.

3. ಅಗ್ಗದ ಡಬಲ್ ಶಾಕ್ಸ್ ಕೈಬಿಡಿ

ಹಿಂದಿನ ಸಸ್ಪೆನ್ಷನ್ ಸರಿಯಾಗಿ ಕೆಲಸ ಮಾಡಬೇಕಾದರೆ ಕುಪ್ಪಳಿಕೆಯನ್ನು ಹದಗೊಳಿಸುವ ಒಳ್ಳೆಯ ಡ್ಯಾಂಪರ್, ಕೀಲುಗಳಲ್ಲಿ ಒಳ್ಳೆಯ ಬೇರಿಂಗ್, ಗಟ್ಟಿ ಫ್ರೇಮ್ ಮೂರೂ ಬೇಕು. ಮೂರಕ್ಕೂ ದುಡ್ಡು ಬೀಳುತ್ತದೆ. ಅಗ್ಗದ ಸೈಕಲ್‌ನಲ್ಲಿ ಇರುವುದು ಬರೀ ಒಂದು ಸ್ಪ್ರಿಂಗ್. ಪ್ರತಿ ತುಳಿತಕ್ಕೂ ಅದು ಕುಪ್ಪಳಿಸಿ ನಿಮ್ಮ ಶಕ್ತಿ ನುಂಗುತ್ತದೆ, ತೂಕವನ್ನೂ ಏರಿಸುತ್ತದೆ. ಅದೇ ಬೆಲೆಗೆ ಮುಂದೆ ಮಾತ್ರ ಶಾಕ್ಸ್ ಇರುವ ಹಾರ್ಡ್‌ಟೇಲ್ ಕೊಂಡರೆ ಮೇಲಾದ ಬ್ರೇಕ್, ಗೇರ್ ಸಿಗುತ್ತವೆ. ಹಾರ್ಡ್‌ಟೇಲ್‌ನಿಂದ ಕಲಿಕೆಯೂ ಬೇಗ. ಹಿಂದಿನ ಚಕ್ರ ಎಲ್ಲಿ ಬಿತ್ತೆಂಬುದು ಮೈಗೆ ನೇರವಾಗಿ ಗೊತ್ತಾಗುವುದರಿಂದ, ಕಲ್ಲುಗಳ ನಡುವೆ ದಾರಿ ಹುಡುಕುವುದು, ಮಂಡಿ ಬಾಗಿಸಿ ಹೊಡೆತ ತಾಳುವುದು ತಾನಾಗಿ ರೂಢಿಯಾಗುತ್ತದೆ.

4. ಮುಂದಿನ ಶಾಕ್ಸ್ ಒತ್ತಿ ನೋಡಿ

ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಒತ್ತಿ, ಬಿಡಿ. ಸಲೀಸಾಗಿ ಇಳಿದು ಹದವಾಗಿ ಮೇಲೆ ಬಂದರೆ ಒಳಗೆ ಡ್ಯಾಂಪಿಂಗ್ ಇದೆ. ಚಂಗನೆ ಎಗರಿದರೆ ಇಲ್ಲವೆಂದೇ ತಿಳಿಯಿರಿ. ಮುಂದಿನ ಶಾಕ್ಸ್ ಇರುವ ಕವಲಿಗೆ ಫೋರ್ಕ್ ಎನ್ನುತ್ತಾರೆ. ಸ್ಪ್ರಿಂಗ್ ಫೋರ್ಕ್‌ನ ಗಡಸನ್ನು ಕಾರ್ಖಾನೆಯಲ್ಲಿ ಸರಾಸರಿ ತೂಕದ ಸವಾರನಿಗೆಂದು ಗೊತ್ತುಮಾಡಿರುತ್ತಾರೆ. 50 ಕೆ.ಜಿ. ತೂಗುವವರು ಕೂತರೆ ಅದು ಅಲುಗುವುದೇ ಕಷ್ಟ. ಹಗುರ ಮೈಯವರು ಆದಷ್ಟೂ ಏರ್ ಫೋರ್ಕ್ ಹುಡುಕಬೇಕು. ಅದರ ಗಾಳಿಯನ್ನು ನಮ್ಮ ತೂಕಕ್ಕೆ ತಕ್ಕಂತೆ ಹೊಂದಿಸಬಹುದು. 100 ಮಿ.ಮೀ. ಫೋರ್ಕ್ ಆದರೆ, ಸವಾರರು ಸುಮ್ಮನೆ ಕೂತಾಗ 15ರಿಂದ 20 ಮಿ.ಮೀ. ಇಳಿಯುವಂತಿದ್ದರೆ ಸರಿ. ಏರ್ ಫೋರ್ಕ್ ಈಗ ಕೈಗೆಟುಕದಿದ್ದರೆ, ಫೋರ್ಕ್ ಕೂರುವ ಕೊಳವೆ ಕೆಳಗೆ ಅಗಲವಾಗುತ್ತಾ ಹೋಗುವ, ಅಂದರೆ ಟೇಪರ್ಡ್ ಹೆಡ್‌ಟ್ಯೂಬ್ ಇರುವ ಫ್ರೇಮ್ ಕೊಳ್ಳಿ. ಇವತ್ತಿನ ಒಳ್ಳೆಯ ಫೋರ್ಕ್‌ಗಳು ಹೆಚ್ಚಾಗಿ ಅದಕ್ಕೇ ಕೂರುತ್ತವೆ.

5. ಬ್ರೇಕ್‌ನಲ್ಲಿ ಚೌಕಾಸಿ ಬೇಡ

1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತಾ ಪೈಪೋಟಿ ಶುರುಮಾಡಿದರು. ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ ಬ್ರೇಕ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಇಳಿದಾದ ಮೇಲೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಿತ್ತು. ಈ ಆಟ ಹುಟ್ಟಿದಾಗಿನಿಂದ ಇಳಿಜಾರಿನ ದೊಡ್ಡ ಪ್ರಶ್ನೆ ಬ್ರೇಕ್‌ನದೇ.

ಇವತ್ತು ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಸಿಕ್ಕರೆ ಕಣ್ಣುಮುಚ್ಚಿ ಆರಿಸಿ. ಒಂದೇ ಬೆರಳಿಗೆ ಬಗ್ಗುತ್ತದೆ, ಉದ್ದ ಇಳಿಜಾರಿನಲ್ಲೂ ಕೈ ಸೋಲುವುದಿಲ್ಲ. ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್ ಕೂಡ ನಡೆಯುತ್ತದೆ, ಆಗಾಗ ಬಿಗಿ ಮಾಡಿಸುತ್ತಿರಬೇಕಷ್ಟೆ. ರಿಮ್‌ಗೆ ಒತ್ತುವ ರಬ್ಬರ್ ಬ್ರೇಕ್ ಮಲೆನಾಡಿನ ಕೆಸರಿನಲ್ಲಿ ಬೇಗ ಸವೆದು ಜಾರುತ್ತದೆ. ಡಿಸ್ಕ್ ಮೇಲೆ ಎಣ್ಣೆಯಾಗಲಿ, ಚೈನಿಗೆ ಹೊಡೆಯುವ ಸ್ಪ್ರೇ ಆಗಲಿ ಒಂದು ಹನಿಯೂ ಬೀಳದಂತೆ ನೋಡಿಕೊಳ್ಳಿ. ಎಣ್ಣೆ ಕುಡಿದ ಪ್ಯಾಡ್ ಹಿಡಿಯುವುದಿಲ್ಲ.

6. ಗೇರ್ ಎಷ್ಟೆಂದು ಕೇಳಬೇಡಿ, ಹಲ್ಲು ಎಣಿಸಿ

‘21 ಗೇರ್ ಸಾರ್!’ ಎಂಬ ಮಾತಿಗೆ ಮರುಳಾಗಬೇಡಿ. ಏರಿನಲ್ಲಿ ಬೇಕಾಗುವುದು ಅತಿ ಹಗುರವಾದ ಒಂದು ಗೇರ್. ಮುಂದಿನ ಚಿಕ್ಕ ಚಕ್ರದ ಹಲ್ಲುಗಳನ್ನು ಹಿಂದಿನ ದೊಡ್ಡ ಚಕ್ರದ ಹಲ್ಲುಗಳಿಂದ ಭಾಗಿಸಿ. ಮುಂದೆ 24, ಹಿಂದೆ 28 ಇದ್ದರೆ 0.86, ಕಡಿದಾದ ಮಣ್ಣಿನ ಏರಿನಲ್ಲಿ ಇಳಿದು ತಳ್ಳಬೇಕಾದೀತು. ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ 51 ಇದ್ದರೆ 0.63, ಕೂತಲ್ಲೇ ಹತ್ತಬಹುದು. ಉತ್ತರ 0.7ಕ್ಕಿಂತ ಕೆಳಗಿರಲಿ. ಮುಂದೆ ಒಂದೇ ಚಕ್ರ ಇರುವ ಸೈಕಲ್‌ನಲ್ಲಿ ಎಡಗೈಗೆ ಗೇರ್ ಕೆಲಸವೇ ಇರುವುದಿಲ್ಲ. ಹೊಸಬರು ಬೇಗ ಪಳಗುತ್ತಾರೆ.

7. ಚಕ್ರ: 29 ಅಥವಾ 27.5

29 ಇಂಚಿನ ಚಕ್ರ ಬೇರು, ಕಲ್ಲುಗಳ ಮೇಲೆ ಸುಲಭವಾಗಿ ಉರುಳುತ್ತದೆ. 27.5 ತಿರುವಿನಲ್ಲಿ ಚುರುಕು. ಗಿಡ್ಡಗಿರುವವರಿಗೆ ಹೊಂದುವುದು ಹೆಚ್ಚು. 26 ಇಂಚು ಹಳೆಯ ಕಾಲದ್ದು. ಅದಕ್ಕೆ ಒಳ್ಳೆಯ ಟೈರು, ಫೋರ್ಕ್ ಹುಡುಕುವುದು ಕಷ್ಟವಾಗುತ್ತಿದೆ.

8. ಟೈರಿಗೆ ಕಲ್ಲುಗಟ್ಟಿ ಗಾಳಿ ತುಂಬಿಸಬೇಡಿ

ಅಗಲ 2.2ರಿಂದ 2.4 ಇಂಚು ಇರಲಿ. ಗುಬುಟುಗಳ ನಡುವೆ ಅಂತರ ಇದ್ದರೆ ಕೆಸರು ತಾನೇ ಉದುರುತ್ತದೆ. ಟ್ಯೂಬ್ ಇರುವ ಟೈರಾದರೆ, 70 ಕೆ.ಜಿ. ಆಸುಪಾಸಿನವರು ಮುಂದೆ 30, ಹಿಂದೆ 33 ಪಿಎಸ್‌ಐನಿಂದ ಆರಂಭಿಸಿ ಒಂದೊಂದೇ ಹೆಚ್ಚುಕಮ್ಮಿ ಮಾಡಿ ನೋಡಬಹುದು. ಗಾಳಿ ಜಾಸ್ತಿಯಾದರೆ ಕಲ್ಲಿನ ಮೇಲೆ ಪುಟಿದು ಹಿಡಿತ ತಪ್ಪುತ್ತದೆ. ತೀರಾ ಕಮ್ಮಿಯಾದರೆ ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕು ಟ್ಯೂಬ್ ಒಡೆಯುತ್ತದೆ. ಬಯಲುಸೀಮೆಯಲ್ಲಿ ಜಾಲಿ ಮುಳ್ಳಿನ ಕಾಟ ಬೇರೆ. ಟ್ಯೂಬ್‌ಲೆಸ್ ರೆಡಿ ರಿಮ್, ಟೈರು ಇದ್ದರೆ ಒಳಗೆ ಸೀಲೆಂಟ್ ಹಾಕಿಸಿ. ಸಣ್ಣ ತೂತನ್ನು ಅದು ಅಲ್ಲಲ್ಲೇ ಮುಚ್ಚುತ್ತದೆ. ವಾಲ್ವ್ ಯಾವುದೆಂದೂ ನೋಡಿ. ಮೋಟರ್‌ಬೈಕ್‌ನದರಂಥ ದಪ್ಪ ವಾಲ್ವ್‌ಗೆ ಪೆಟ್ರೋಲ್ ಬಂಕ್‌ನಲ್ಲೂ ಗಾಳಿ ಹಿಡಿಸಬಹುದು. ತೆಳುವಾದ ಪ್ರೆಸ್ಟಾ ವಾಲ್ವ್‌ಗೆ ಅಡಾಪ್ಟರ್ ಬೇಕು.

9. ಸೆಕೆಂಡ್ ಹ್ಯಾಂಡ್ ಆದರೆ ಸ್ಕೇಲ್ ಒಯ್ಯಿರಿ

ಹಳೆಯ ಸೈಕಲ್‌ನಲ್ಲಿ ಕಮ್ಮಿ ಬೆಲೆಗೆ ಒಳ್ಳೆಯ ಮಾಲು ಸಿಗುತ್ತದೆ, ಪರೀಕ್ಷಿಸುವ ತಾಳ್ಮೆ ಇದ್ದರೆ. ಚೈನಿನ ಒಂದು ಪಿನ್ನಿಗೆ ಸ್ಕೇಲಿನ ಸೊನ್ನೆ ಹೊಂದಿಸಿ. ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚಿಗೆ ಇನ್ನೊಂದು ಪಿನ್ ಬರುತ್ತದೆ. ಅದು ಇಂಚಿನ ಹದಿನಾರನೇ ಒಂದರಷ್ಟು ಆಚೆ ಸರಿದಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಇನ್ನೂ ಹೆಚ್ಚಾಗಿದ್ದರೆ ಗೇರ್ ಹಲ್ಲುಗಳೂ ಸವೆದಿರುತ್ತವೆ, ಆ ಖರ್ಚು ಕಳೆದು ಬೆಲೆ ಮಾತಾಡಿ. ವೆಲ್ಡಿಂಗ್ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಎಂದರೆ ಹೆಡ್‌ಸೆಟ್ ಸಡಿಲವಾಗಿದೆ. ಚಕ್ರ ಎತ್ತಿ ತಿರುಗಿಸಿ, ಓಲಾಡುತ್ತದೆಯೇ ನೋಡಿ. ಖರೀದಿ ರಸೀದಿ ಕೇಳಿ; ಕದ್ದ ಮಾಲಿಗೆ ಗಿರಾಕಿಯಾಗಬೇಡಿ.

10. ಇರುವ ದುಡ್ಡೆಲ್ಲ ಸೈಕಲ್‌ಗೇ ಸುರಿಯಬೇಡಿ

ಬಜೆಟ್‌ನ ಐದನೇ ಒಂದು ಭಾಗ ಪಕ್ಕಕ್ಕಿಡಿ. ಮೊದಲ ಖರ್ಚು ಹೆಲ್ಮೆಟ್. ಇಎನ್ 1078 ಗುರುತು ಇದೆಯೇ ನೋಡಿ, ತಲೆಗೆ ಬಿಗಿಯಾಗಿ ಕೂರುವುದನ್ನೇ ಕೊಳ್ಳಿ. ಆಮೇಲೆ ಕೈಪಂಪು, ಒಂದು ಹೆಚ್ಚುವರಿ ಟ್ಯೂಬ್, ಟೈರ್ ಬಿಚ್ಚುವ ಲಿವರ್, ಮಲ್ಟಿಟೂಲ್, ಕೈಗವಸು. ಪಂಕ್ಚರ್ ಹಾಕುವುದನ್ನು ಮನೆಯಲ್ಲೇ ಕಲಿತಿರಿ. ತೋಟದ ನಡುವೆ ಅಂಗಡಿ ಸಿಗುವುದಿಲ್ಲ. ಹೊಸ ಸೈಕಲ್‌ನ ಕೇಬಲ್‌ಗಳು, ಚಕ್ರದ ಕಡ್ಡಿಗಳು ಆರಂಭದ ವಾರಗಳಲ್ಲಿ ಸಡಿಲಗೊಳ್ಳುವುದು ಸಹಜ. ಹಾಗಾಗಿ ಮೊದಲ ಸರ್ವೀಸ್ ತಪ್ಪಿಸಬೇಡಿ.

ಮನೆಗೆ ಹತ್ತಿರದ, ಕೇಳಿದ್ದಕ್ಕೆ ತಾಳ್ಮೆಯಿಂದ ಉತ್ತರಿಸುವ, ಓಡಿಸಿ ನೋಡಲು ಬಿಡುವ ಅಂಗಡಿಯನ್ನೇ ಆರಿಸಿ. ಎರಡು ಸೈಕಲ್‌ಗಳ ನಡುವೆ ಮನಸ್ಸು ಹೊಯ್ದಾಡಿದರೆ ಎರಡನ್ನೂ ಒಂದು ಇಳಿಜಾರಿನಲ್ಲಿ ಓಡಿಸಿ, ಬ್ರೇಕ್ ಹಿಡಿದು ನೋಡಿ. ಯಾವುದರ ಮೇಲೆ ಭಯ ಕಮ್ಮಿಯಾಯಿತೋ ಅದನ್ನೇ ಮನೆಗೆ ತನ್ನಿ. ಧೈರ್ಯ ಇದ್ದರೆ ಪ್ರತಿ ವಾರ ಹೊರಡುತ್ತೀರಿ, ಪ್ರತಿ ವಾರ ಹೊರಟರೆ ಕಲಿಯುತ್ತೀರಿ. ಮುಂದಿನ ಸೈಕಲ್ ಯಾವುದಿರಬೇಕೆಂದು ಆಗ ಯಾರನ್ನೂ ಕೇಳಬೇಕಾಗುವುದಿಲ್ಲ.